ಬೋರ್ಡ್‌ಗೆ ನಾಲ್ಕು ಸ್ಟಾರ್, ಅದರ ಜೊತೆ ಬಂದ ಪುಸ್ತಕಕ್ಕೆ ಒಂದೂವರೆ

ಮೊದಲೇ ಹೇಳಿಬಿಡುತ್ತೇನೆ, ಈ ಎಲೆಕ್ಟ್ರಾನಿಕ್ಸ್ ಕಿಟ್‌ನ ಬೋರ್ಡ್ ಕೆಟ್ಟದ್ದಲ್ಲ. ಪುಸ್ತಕ ಮಾತ್ರ ನನ್ನ ಮೂರು ದಿನ, ಎಂಬತ್ತು ಮೀಟರ್ ಕೇಬಲ್ ಮತ್ತು ಒಬ್ಬ ಸಾಹುಕಾರರ ಮುಂದೆ ಇದ್ದ ಅಷ್ಟಿಷ್ಟು ಮರ್ಯಾದೆ ತಿಂದು ಹಾಕಿತು.

ನಾನು ಗಂಗಾವತಿಯಲ್ಲಿ ರೈಸ್ ಮಿಲ್‌ಗಳ ಪ್ಯಾನೆಲ್ ಕೆಲಸ ಮಾಡುವವನು. ಸ್ಟಾರ್ಟರ್, ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಸುಟ್ಟ ಮೋಟಾರಿನ ವಾಸನೆ, ಇದೇ ನನ್ನ ಹೊಟ್ಟೆಪಾಡು. ಐದಾರು ವರ್ಷದಿಂದ ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್‌ಗಳನ್ನೂ ಹಾಕಿಕೊಡುತ್ತಿದ್ದೇನೆ. ಕಾಲೇಜಿನಲ್ಲಿ ಕಲಿತದ್ದಲ್ಲ, ಸುಟ್ಟು ಸುಟ್ಟು ಕಲಿತದ್ದು. ಈ ಸಲ ಕಾರಟಗಿ ಕಡೆಯ ಒಂದು ಮಿಲ್‌ನವರು ಭತ್ತದ ಡ್ರೈಯರ್ ಬಿಸಿಯನ್ನು ನಿಮಿಷ ನಿಮಿಷಕ್ಕೆ ಬರೆದಿಟ್ಟುಕೊಳ್ಳುವ, ಜಾಸ್ತಿ ಆದರೆ ಬರ್ನರ್ ನಿಲ್ಲಿಸುವ ಒಂದು ಡಬ್ಬಿ ಬೇಕು ಅಂದರು. ರಾತ್ರಿ ಪಾಳಿಯವನು ನಿದ್ದೆ ಹೋದರೆ ಭತ್ತ ಜಾಸ್ತಿ ಒಣಗುತ್ತದೆ, ಆಮೇಲೆ ಮಿಲ್‌ನಲ್ಲಿ ಅಕ್ಕಿ ಮುರಿದು ನುಚ್ಚಾಗುತ್ತದೆ, ಅದು ಅವರ ತಲೆನೋವು. ನಾನು ಆನ್‌ಲೈನ್‌ನಲ್ಲಿ ಒಂದು ಕಿಟ್ ತರಿಸಿದೆ. 2,850 ರೂಪಾಯಿ, ಕೊರಿಯರ್ ಬೇರೆ. ಮಾಡಿದ ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಇದು ಅವರೊಬ್ಬರ ರೋಗ ಅಲ್ಲ. ನನ್ನ ಕೈಗೆ ಬಂದ ಕಿಟ್ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಹೀಗೇ ಇವೆ.

ಡಬ್ಬದಲ್ಲಿ ಇರುವುದು ಇಷ್ಟು: ಸಾಕೆಟ್ ಮೇಲೆ ಕೂತ 28 ಕಾಲಿನ ಎಟಿಮೆಗಾ328ಪಿ (ಪ್ರೋಗ್ರಾಮ್ ಓಡಿಸುವ ಮೈಕ್ರೋಕಂಟ್ರೋಲರ್ ಚಿಪ್ ಇದೇ), 16 ಮೆಗಾಹರ್ಟ್ಸ್ ಕ್ರಿಸ್ಟಲ್, ದೂರದ ಸೆನ್ಸರ್ ಜೊತೆ ಮಾತಾಡಲು ಮ್ಯಾಕ್ಸ್485, ಟೈಮ್ ನೋಡಲು ಡಿಎಸ್1307, ಬರೆದಿಡಲು 24ಸಿ32 ಮೆಮೊರಿ, ಎರಡೇ ವೈರಿನಲ್ಲಿ ನಡೆಯಲಿ ಅಂತ ಬೆನ್ನಿಗೆ ಪಿಸಿಎಫ್8574 ಚಿಪ್ ಅಂಟಿಸಿಕೊಂಡ ಎರಡು ಸಾಲಿನ ಎಲ್‌ಸಿಡಿ, ಎರಡು ರಿಲೇ. ಮತ್ತು 48 ಪುಟದ ಬಣ್ಣದ ಪುಸ್ತಕ.

ಬೋರ್ಡ್ ಬಗ್ಗೆ ಬೇಗ ಮುಗಿಸುತ್ತೇನೆ. ಸೋಲ್ಡರ್ ಚೆನ್ನಾಗಿದೆ. ಟರ್ಮಿನಲ್ ಸ್ಕ್ರೂ ಗಟ್ಟಿ ಇದೆ, ಎರಡು ಸಲ ಬಿಗಿದರೆ ಹೊಟ್ಟೆ ಕಿತ್ತುಕೊಂಡು ಬರುವ ಜಾತಿಯದ್ದಲ್ಲ. ರಿಲೇ ಕಾಯಿಲ್‌ಗೆ ಡಯೋಡ್ ಹಾಕಿದ್ದಾರೆ. ಚಿಪ್ ಸಾಕೆಟ್‌ನಲ್ಲಿ ಇರುವುದರಿಂದ ಸುಟ್ಟರೆ ಕಿತ್ತು ಬೇರೆ ಹಾಕಬಹುದು, ನಮ್ಮಂಥ ಊರಲ್ಲಿ ಇದು ದೊಡ್ಡ ಉಪಕಾರ. ತೌಡಿನ ಧೂಳು, ಸೆಕೆ, ಪಕ್ಕದಲ್ಲೇ ದೊಡ್ಡ ಮೋಟಾರ್, ಇಷ್ಟರ ನಡುವೆ ಎರಡು ತಿಂಗಳಿಂದ ನಡೆಯುತ್ತಿದೆ. ನಾಲ್ಕು ಸ್ಟಾರ್ ಇದಕ್ಕೇ.

ಈಗ ಪುಸ್ತಕ.

ಗೊತ್ತಿಲ್ಲದವರಿಗೆ ಒಂದು ಮಾತು. ಚಿಪ್ ಪಿನ್‌ಗಳ ಹೆಸರು ಬರೆಯುವಾಗ ಕೆಲವು ಹೆಸರಿನ ತಲೆ ಮೇಲೆ ಒಂದು ಅಡ್ಡಗೆರೆ ಎಳೆದಿರುತ್ತಾರೆ. ಈ ಪಿನ್ ಉಲ್ಟಾ ಅಂತ ಅರ್ಥ. 0 (ಗ್ರೌಂಡ್) ಕೊಟ್ಟರೆ ಕೆಲಸ ಮಾಡುತ್ತದೆ, 1 (ವೋಲ್ಟೇಜ್) ಕೊಟ್ಟರೆ ಸುಮ್ಮನೆ ಕೂರುತ್ತದೆ. ನನ್ನ ಅಂಗಡಿಯ ಹುಡುಗ ಇದಕ್ಕೆ ಟೋಪಿ ಅನ್ನುತ್ತಾನೆ. ಟೋಪಿ ಇರೋ ಪಿನ್ನು, ಟೋಪಿ ಇಲ್ಲದ ಪಿನ್ನು. ಎಟಿಮೆಗಾದ ರೀಸೆಟ್ ಪಿನ್‌ಗೆ ಟೋಪಿ ಇದೆ, ಅದಕ್ಕೇ ಅದನ್ನು ಗ್ರೌಂಡ್‌ಗೆ ಮುಟ್ಟಿಸಿದರೆ ರೀಸೆಟ್ ಆಗುತ್ತದೆ.

ಮ್ಯಾಕ್ಸ್485ರಲ್ಲಿ ಎರಡು ಪಿನ್ ಅಕ್ಕಪಕ್ಕ ಇವೆ. 2ನೇ ಕಾಲು ಆರ್‌ಇ, ಕೇಳಿಸಿಕೊಳ್ಳುವುದಕ್ಕೆ. 3ನೇ ಕಾಲು ಡಿಇ, ಮಾತಾಡುವುದಕ್ಕೆ. ಆರ್‌ಇಗೆ ಟೋಪಿ ಇದೆ, ಡಿಇಗೆ ಇಲ್ಲ. ಒಂದಕ್ಕೆ 0 ಬೇಕು, ಇನ್ನೊಂದಕ್ಕೆ 1 ಬೇಕು. ಅದಕ್ಕೇ ಎಲ್ಲರೂ ಎರಡನ್ನೂ ಸೇರಿಸಿ ಒಂದೇ ವೈರ್ ಹಾಕುತ್ತಾರೆ, 1 ಮಾಡಿದರೆ ಮಾತು, 0 ಮಾಡಿದರೆ ಕಿವಿ. ನಾನೂ ಇಷ್ಟು ವರ್ಷ ಹಾಗೇ ಮಾಡಿದ್ದು, ಅದರ ಹಿಂದೆ ಟೋಪಿ ಇದೆ ಅಂತ ಯೋಚಿಸಿರಲೇ ಇಲ್ಲ, ಅದು ನನ್ನ ತಪ್ಪೇ ಅನ್ನಿ. ಈ ಕಿಟ್‌ನಲ್ಲಿ ಎರಡನ್ನೂ ಬೇರೆ ಬೇರೆ ಪಿನ್‌ಗೆ ತಂದಿದ್ದಾರೆ. ಪುಸ್ತಕದ 14ನೇ ಪುಟದ ಪಟ್ಟಿಯಲ್ಲಿ ಬರೆದಿರುವುದು: ಡಿಇ, ಡ್ರೈವರ್ ಎನೇಬಲ್, ಆರ್‌ಇ, ರಿಸೀವರ್ ಎನೇಬಲ್. ಅಷ್ಟೇ. ಟೋಪಿ ಇಲ್ಲ, ಗೆರೆ ಇಲ್ಲ, ಚುಕ್ಕೆ ಇಲ್ಲ. ಬೋರ್ಡ್ ಮೇಲೆ ಅಚ್ಚಾದ ಬಿಳಿ ಅಕ್ಷರದಲ್ಲೂ ಇಲ್ಲ. ಓದಿದವನು ಏನು ಮಾಡುತ್ತಾನೆ? ಮಾತಾಡುವಾಗ ಡಿಇ 1, ಕೇಳುವಾಗ ಆರ್‌ಇ 1. ನಾನೂ ಅದನ್ನೇ ಮಾಡಿದೆ.

ಆಗಿದ್ದು ಏನು ಗೊತ್ತಾ? ನಾನು ಕಳಿಸಿದ್ದೆಲ್ಲ ನನಗೇ ಚೊಕ್ಕವಾಗಿ ವಾಪಸ್ ಬರುತ್ತಿತ್ತು, ಯಾಕೆಂದರೆ ಮಾತಾಡುವಾಗ ಆರ್‌ಇ 0 ಇತ್ತು, ಅಂದರೆ ಕಿವಿ ತೆರೆದಿತ್ತು. ಉತ್ತರ ಕೇಳಬೇಕಾದ ಹೊತ್ತಿಗೆ ನಾನೇ 1 ಕೊಟ್ಟು ಕಿವಿ ಮುಚ್ಚುತ್ತಿದ್ದೆ. ಆಗ ಆ ಲೈನ್ ಎಲ್ಲಿಗೂ ಸೇರದೆ ತೇಲುತ್ತಿತ್ತು, ಕಂಟ್ರೋಲರ್‌ಗೆ ಬರೀ ಕಸದ ಅಕ್ಷರ. ನನ್ನ ತಲೆಗೆ ಹೊಳೆದದ್ದು ಒಂದೇ: ಬೋರ್ಡ್ ಸರಿ ಇದೆ, ನಾನು ಕಳಿಸಿದ್ದು ಬರುತ್ತಿದೆಯಲ್ಲ, ಹಾಗಾದರೆ ಕೇಬಲ್ ಸರಿ ಇಲ್ಲ, ಎಲಿವೇಟರ್ ಮೋಟಾರಿನ ನಾಯ್ಸ್ ಬರುತ್ತಿದೆ. ಮೊದಲು ಎ ಮತ್ತು ಬಿ ವೈರ್ ಅದಲು ಬದಲು ಮಾಡಿದೆ (ಆ ಎ-ಬಿ ಹೆಸರೂ ಎಲ್ಲ ಕಂಪನಿಯವರಲ್ಲಿ ಒಂದೇ ಅಲ್ಲ, ಒಬ್ಬರ ಎ ಇನ್ನೊಬ್ಬರ ಬಿ, ಅದು ಬೇರೆಯೇ ಪುರಾಣ). ಆಮೇಲೆ ಕೇಬಲ್‌ನ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿದೆ. ಆಮೇಲೆ ಇದ್ದ ಕೇಬಲ್ ಕಿತ್ತು ಶೀಲ್ಡ್ ಇರುವ ಎಂಬತ್ತು ಮೀಟರ್ ಕೇಬಲ್ ಎಳೆಸಿದೆ. ಕಟಾವಿನ ಸೀಸನ್. ಹೊರಗೆ ಟ್ರ್ಯಾಕ್ಟರ್ ಸಾಲು, ಹಮಾಲರು ನನ್ನ ಏಣಿಯ ಕೆಳಗೇ ಚೀಲ ಹೊತ್ತು ಓಡಾಡುತ್ತಿದ್ದಾರೆ, ಎರಡನೇ ದಿನ ಸಂಜೆ ಸಾಹುಕಾರರು ಬಂದು ನಿಂತು ಕೇಳಿದರು, “ಏನ್ ತಮ್ಮಾ, ನಿನ್ ಡಬ್ಬಿ ಮಾತಾಡ್ತೈತೋ, ಇಲ್ಲ ಮುನಿಸ್ಕೊಂಡೈತೋ?”

“ಮಾತಾಡ್ತೈತ್ರಿ, ಕೇಳಿಸ್ಕೊಳ್ಳಂಗಿಲ್ಲ” ಅಂದೆ. ಆಗ ಗೊತ್ತಿರಲಿಲ್ಲ, ಸರಿಯಾದ ಉತ್ತರವನ್ನೇ ಕೊಟ್ಟಿದ್ದೆ ಅಂತ.

ಮೂರನೇ ದಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ ಮೊಬೈಲ್‌ನಲ್ಲಿ ಮ್ಯಾಕ್ಸ್485ರ ಅಸಲಿ ಡೇಟಾಶೀಟ್, ಅಂದರೆ ಚಿಪ್ ಕಂಪನಿಯವರೇ ಬರೆದ ವಿವರದ ಪುಸ್ತಕ, ತೆಗೆದೆ. ಎಣ್ಣೆ ಕೈಯಲ್ಲೇ ಚಿತ್ರ ದೊಡ್ಡದು ಮಾಡಿದೆ. ಆರ್‌ಇ ತಲೆ ಮೇಲೆ ಗೆರೆ. ಮಿರ್ಚಿ ಅರ್ಧಕ್ಕೇ ಬಿಟ್ಟು ಗಾಡಿ ಹತ್ತಿದೆ. ಪ್ರೋಗ್ರಾಮ್‌ನಲ್ಲಿ ಒಂದು 1 ತೆಗೆದು 0, ಒಂದು 0 ತೆಗೆದು 1. ಐದು ನಿಮಿಷದ ಕೆಲಸ. ಪುಸ್ತಕದವರು ಆ ಪಿನ್ನಿನ ಟೋಪಿ ತೆಗೆದು ನನಗೆ ಹಾಕಿದ್ದರು.

ಇದು ಯಾಕೆ ಆಗುತ್ತದೆ ಅಂತ ಆಮೇಲೆ ತಿಳಿಯಿತು. ಆ ಗೆರೆ ಅಕ್ಷರ ಅಲ್ಲ, ಅಕ್ಷರದ ಮೇಲೆ ಎಳೆದ ಗೀಟು. ಪಿಡಿಎಫ್‌ನಿಂದ ಹೆಸರನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಅಕ್ಷರ ಬರುತ್ತದೆ, ಗೀಟು ಅಲ್ಲೇ ಉಳಿಯುತ್ತದೆ. ಇದೇ ಕಾರಣಕ್ಕೆ ಎಷ್ಟೋ ಕಂಪನಿಯವರು ಬೇರೆ ಗುರುತು ಹಿಡಿದಿದ್ದಾರೆ: ಹೆಸರಿನ ಮುಂದೆ ಓರೆಗೆರೆ, ಹೆಸರಿನ ಹಿಂದೆ #, ಮುಂದೆ ಒಂದು ಚಿಕ್ಕ ಎನ್, ಹಿಂದೆ ಅಂಡರ್‌ಸ್ಕೋರ್ ಹಾಕಿ ಎನ್, ಕೆಲವರು ಬಾರ್ ಅನ್ನುವುದಕ್ಕೆ ಕೊನೆಗೆ ಒಂದು ಬಿ. ಎಲ್ಲದರ ಅರ್ಥ ಒಂದೇ. ನನ್ನನ್ನು ಕೇಳಿದರೆ # ವಾಸಿ. ಕಾಪಿ ಮಾಡಿದರೂ ಬರುತ್ತದೆ, ಫೋನಿನಲ್ಲಿ ಟೈಪ್ ಮಾಡಿದರೂ ಬರುತ್ತದೆ, ಜೆರಾಕ್ಸ್ ಮಸುಕಾದರೂ ಕಾಣುತ್ತದೆ. ಯಾವುದಾದರೂ ಹಾಕಲಿ, ಮೊದಲ ಪುಟದಲ್ಲಿ ನಾವು ಹೀಗೆ ಬರೆಯುತ್ತೇವೆ ಅಂತ ಒಂದು ಸಾಲು ಹಾಕಲಿ. ಈ ಪುಸ್ತಕದಲ್ಲಿ ಮೊದಲ ಪುಟದಲ್ಲಿ ಇರುವುದು ಕಂಪನಿಯ ಧ್ಯೇಯ.

ಎರಡನೆಯದು 19ನೇ ಪುಟ. ಎಲ್‌ಸಿಡಿ, ಗಡಿಯಾರ, ಮೆಮೊರಿ, ಮೂರೂ ಒಂದೇ ಎರಡು ವೈರಿನ ಐ2ಸಿ ಲೈನ್ ಮೇಲೆ ಕೂತಿವೆ, ಪ್ರತಿಯೊಂದಕ್ಕೂ ಒಂದು ವಿಳಾಸ. ಪುಸ್ತಕ ಹೇಳುವುದು: ಎಲ್‌ಸಿಡಿ ಹೆಕ್ಸ್ (ಹತ್ತರ ಬದಲು ಹದಿನಾರರ ಲೆಕ್ಕದ ಅಂಕಿ) 4ಇ, ಗಡಿಯಾರ ಹೆಕ್ಸ್ 68, ಮೆಮೊರಿ ಹೆಕ್ಸ್ ಎ0. ಗಡಿಯಾರ ತಕ್ಷಣ ಓಡಿತು. ಎಲ್‌ಸಿಡಿ ನೀಲಿ ಬೆಳಕು ಬಿಟ್ಟುಕೊಂಡು ಖಾಲಿ ನಿಂತಿತು. ಸ್ಕ್ಯಾನ್ ಮಾಡಿದರೆ ಮೂರು ವಿಳಾಸ ಸಿಕ್ಕವು: 27, 50, 68. ಈ ಐ2ಸಿ ವಿಳಾಸ ಅನ್ನುವುದು 7 ಬಿಟ್‌ನದು, ಒಂದು ಬಿಟ್ ಅಂದರೆ ಒಂದು 0 ಅಥವಾ 1. ಲೈನ್ ಮೇಲೆ ಕಳಿಸುವಾಗ ಅದರ ಬೆನ್ನಿಗೆ ಓದು-ಬರೆ ಅನ್ನುವ ಇನ್ನೊಂದು ಬಿಟ್ ಸೇರಿ 8 ಆಗುತ್ತದೆ. ಕೆಲವರು 7 ಬಿಟ್ಟನ್ನೇ ವಿಳಾಸ ಅಂತ ಬರೆಯುತ್ತಾರೆ, ಕೆಲವರು 8 ಬಿಟ್ ಸೇರಿಸಿ ಬರೆಯುತ್ತಾರೆ. 27ನ್ನು ಒಂದು ಮನೆ ಎಡಕ್ಕೆ ಸರಿಸಿದರೆ 4ಇ. 50 ಸರಿಸಿದರೆ ಎ0. 68 ಸರಿಸಿದರೆ ಡಿ0. ಎರಡೂ ರೂಢಿ ನಡೆಯುತ್ತದೆ, ಜಗಳ ಇಲ್ಲ. ಆದರೆ ಒಂದೇ ಪುಟದಲ್ಲಿ ಎರಡು ಚಿಪ್‌ಗೆ ಒಂದು ರೂಢಿ, ಮೂರನೆಯದಕ್ಕೆ ಇನ್ನೊಂದು? ಮೂರೂ ಕಡೆಯಿಂದ ಕಾಪಿ ಮಾಡಿದವರಿಗೆ ಇದು ಕಾಣುವುದಿಲ್ಲ, ಅಲ್ವಾ.

ನನಗೆ ಜಾಸ್ತಿ ನಗು ಬಂದದ್ದು, ಸಾಹುಕಾರರಿಗೆ ಜಾಸ್ತಿ ಸಿಟ್ಟು ಬಂದದ್ದು ಮೆಮೊರಿ ವಿಷಯಕ್ಕೆ. ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ “32ಕೆ ಡೇಟಾ ಮೆಮೊರಿ” ಅಂತ ಇದೆ. ನಾನು ಲೆಕ್ಕ ಹಾಕಿದೆ. ಒಂದು ದಾಖಲೆಗೆ 8 ಬೈಟ್, ನಿಮಿಷಕ್ಕೆ ಒಂದು. 32 ಕಿಲೋಬೈಟ್ ಅಂದರೆ 4,096 ದಾಖಲೆ, 68 ಗಂಟೆ ಬರುತ್ತದೆ. ಎರಡು ದಿನಕ್ಕೊಮ್ಮೆ ಬಂದು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡರೆ ಸಾಕು ಅಂತ ಹೇಳಿ ಬಂದೆ. ಎರಡು ದಿನ ಬಿಟ್ಟು ಹೋದರೆ ಒಳಗಿದ್ದದ್ದು ಬರೀ ಎಂಟೂವರೆ ಗಂಟೆಯ ದಾಖಲೆ. ಮಿಕ್ಕಿದ್ದರ ಮೇಲೆ ಮತ್ತೆ ಮತ್ತೆ ಬರೆದುಕೊಂಡಿತ್ತು. 24ಸಿ32ರ 32 ಅನ್ನುವುದು ಕಿಲೋಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ 4 ಕಿಲೋಬೈಟ್, ಅಂದರೆ 4,096 ಬೈಟ್, ಅಂದರೆ 512 ದಾಖಲೆ. ಮೆಮೊರಿ ಚಿಪ್ ಮಾಡುವವರು ಬಿಟ್‌ನಲ್ಲಿ ಹೆಸರಿಡುತ್ತಾರೆ, ಕಂಟ್ರೋಲರ್ ಮಾಡುವವರು ಬೈಟ್‌ನಲ್ಲಿ ಹೇಳುತ್ತಾರೆ, ಇದು ಹಳೇ ರೂಢಿ. ಇಂಗ್ಲಿಷ್‌ನಲ್ಲಿ ದೊಡ್ಡ ಬಿ ಹಾಕಿದರೆ ಬೈಟ್, ಚಿಕ್ಕ ಬಿ ಹಾಕಿದರೆ ಬಿಟ್. ಇವರು ಯಾವ ಬಿಯನ್ನೂ ಹಾಕದೆ ಬರೀ ಕೆ ಅಂತ ಬಿಟ್ಟಿದ್ದಾರೆ.

ಸಾಹುಕಾರರಿಗೆ ಇದನ್ನು ಹೇಗೆ ಹೇಳುವುದು? ಹೇಳಿದೆ. ಅವರು ಅರೆ ಕ್ಷಣ ನೋಡಿ, “ಅಯ್ಯ, ಕೇಳಬೇಕಿತ್ತಲ್ಲೋ ತಮ್ಮಾ, ಚೀಲದ ರೇಟೋ ಕ್ವಿಂಟಲ್ ರೇಟೋ ಅಂತ” ಅಂದರು. ನಮ್ಮ ಕಡೆ ಭತ್ತದ ವ್ಯಾಪಾರ 75 ಕೆಜಿ ಚೀಲದ ಲೆಕ್ಕ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕ. ಇಲ್ಲಿ ರೇಟ್ ಕೇಳುವ ಯಾವ ರೈತನೂ ಮೊದಲು ಅದನ್ನು ಕೇಳದೆ ಮುಂದಿನ ಮಾತು ಆಡುವುದಿಲ್ಲ. ನಲವತ್ತು ವರ್ಷ ಮಂಡಿಯಲ್ಲಿ ಕಳೆದ ಮನುಷ್ಯನಿಗೆ ಬಿಟ್-ಬೈಟ್ ಒಂದು ನಿಮಿಷದಲ್ಲಿ ಅರ್ಥ ಆಯಿತು, ಪುಸ್ತಕ ಬರೆದವರಿಗೆ ಆಗಿಲ್ಲ. ಕೊನೆಗೆ ಅದನ್ನು ಕಿತ್ತು 24ಸಿ256 ಹಾಕಿದೆ. ಕಾಲು ಅದೇ, ವಿಳಾಸ ಅದೇ, 256 ಕಿಲೋಬಿಟ್, ಈಗ ನಿಜವಾಗಿ 32 ಕಿಲೋಬೈಟ್. ಕೆ ಅಂದರೆ 1,000ವೋ 1,024ವೋ ಅನ್ನುವ ಇನ್ನೊಂದು ಗಲಾಟೆಯೂ ಇದೆ, ಅದಕ್ಕೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಇಸಿಯವರು 1998ರಲ್ಲಿ ಕಿಬಿಬೈಟ್ ಅಂತ ಬೇರೆ ಹೆಸರನ್ನೇ ತಂದರು, ನಮ್ಮ ಬೀದಿಯಲ್ಲಿ ಯಾರೂ ಅನ್ನುವುದನ್ನು ನಾನು ಕೇಳಿಲ್ಲ.

ಫ್ಯೂಸ್ ಪುಟವನ್ನೂ ಬಿಡುವ ಹಾಗಿಲ್ಲ. ಎಟಿಮೆಗಾದಲ್ಲಿ ಫ್ಯೂಸ್ ಅಂದರೆ ನಮ್ಮ ಕಟೌಟ್ ಫ್ಯೂಸ್ ಅಲ್ಲ. ಚಿಪ್ ಹೇಗೆ ಎದ್ದೇಳಬೇಕು ಅಂತ ಹೇಳುವ ಕೆಲವು ಬಿಟ್‌ಗಳು. ಇದರ ರೂಢಿ ಎಲ್ಲರನ್ನೂ ಎಡವಿಸುತ್ತದೆ: ಇಲ್ಲಿ 0 ಅಂದರೆ ಪ್ರೋಗ್ರಾಮ್ ಆಗಿದೆ, 1 ಅಂದರೆ ಆಗಿಲ್ಲ. ಯಾಕೆ ಅಂದರೆ, ಅಳಿಸಿದ ಫ್ಲ್ಯಾಶ್ ಮೆಮೊರಿ ಓದಿದರೆ ಎಲ್ಲ 1 ಬರುತ್ತದೆ, ಬರೆಯುವುದು ಅಂದರೆ ಕೆಲವನ್ನು 0ಗೆ ಇಳಿಸುವುದು. ಅಸಲಿ ಡೇಟಾಶೀಟ್‌ನಲ್ಲಿ ಫ್ಯೂಸ್ ಪಟ್ಟಿಗಳ ಹತ್ತಿರವೇ ಈ ಮಾತನ್ನು ಬಿಡಿಸಿ ಬರೆದಿದ್ದಾರೆ, ಪ್ರತಿ ಫ್ಯೂಸ್ ಮುಂದೆ 0 ಅಥವಾ 1 ಹಾಕಿ ಆವರಣದಲ್ಲಿ ಪ್ರೋಗ್ರಾಮ್ ಆಗಿದೆ, ಆಗಿಲ್ಲ ಅಂತಲೂ ಹಾಕಿದ್ದಾರೆ. ಕಿಟ್ ಪುಸ್ತಕದಲ್ಲಿ ಮಾತ್ರ ಚಿಪ್ ಓಡುವ ವೇಗವನ್ನು (ಕ್ಲಾಕ್) ಎಂಟರಿಂದ ಭಾಗಿಸುವ ಫ್ಯೂಸ್ ಎದುರು “1, ಎನೇಬಲ್” ಅಂತ ಇದೆ. ಪೂರ್ತಿ ಉಲ್ಟಾ. ನಾನು ಒಂದು ಚಿಪ್ ಸುಟ್ಟುಕೊಂಡು ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಹೊಸದು ತರಿಸಿ ಕೂರಿಸಿದಾಗ ಒಂದು ಸೆಕೆಂಡಿಗೆ ಮಿಣುಕಬೇಕಾದ ಎಲ್‌ಇಡಿ ಹದಿನಾರು ಸೆಕೆಂಡಿಗೆ ಮಿಣುಕಿತು. ಹೊಸ ಚಿಪ್ ಒಳಗಿನ 8 ಮೆಗಾಹರ್ಟ್ಸನ್ನು ಎಂಟರಿಂದ ಭಾಗಿಸಿಕೊಂಡು 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಕಾರ್ಖಾನೆಯಿಂದ ಹಾಗೇ ಬರುತ್ತದೆ, ಹೊರಗಿನ 16ರ ಕ್ರಿಸ್ಟಲ್ ಕಡೆ ತಿರುಗಿಯೂ ನೋಡುವುದಿಲ್ಲ. ಈ ಸಲ ಮಾತ್ರ ಪುಸ್ತಕ ನಂಬಲಿಲ್ಲ, ಹಾಗಾಗಿ ಅರ್ಧ ಗಂಟೆಯಲ್ಲಿ ಮುಗಿಯಿತು.

ಡೇಟಾಶೀಟ್ ಅಂದಾಗ ಹೆದರುವವರು ತುಂಬಾ ಜನ. ಎಟಿಮೆಗಾ ಕುಟುಂಬದ್ದು 600 ಪುಟಕ್ಕಿಂತ ಜಾಸ್ತಿ. ಮಾಡಿದ್ದು ಆಟ್ಮೆಲ್, 2016ರಲ್ಲಿ ಮೈಕ್ರೋಚಿಪ್ ಅದನ್ನು ಕೊಂಡಿತು, ಈಗ ಅವರ ಹೆಸರಿನಲ್ಲಿ ಪುಕ್ಕಟೆ ಸಿಗುತ್ತದೆ. ನಾನು ಬೇಕಾದ ಅಧ್ಯಾಯ ಮಾತ್ರ ಪ್ರಿಂಟ್ ಹಾಕಿಸಿ ಸ್ಪೈರಲ್ ಮಾಡಿಸಿದ್ದೇನೆ. ಅದರಲ್ಲಿ ಒಂದು ಪುಟ ಓದಲು ಬಂದರೆ ಉಳಿದದ್ದೆಲ್ಲ ಬರುತ್ತದೆ, ಅದೇ ಅದರ ಗುಣ. ಪೋರ್ಟ್‌ಬಿ ಅನ್ನುವ ಪಿನ್ ಗುಂಪಿನ ರಿಜಿಸ್ಟರ್ (ಚಿಪ್ ಒಳಗಿನ ಎಂಟು ಬಿಟ್‌ನ ಪುಟ್ಟ ಜಾಗ) ತೆಗೆದುಕೊಳ್ಳಿ. ಎಂಟು ಮನೆ ಸಾಲಾಗಿ, ಎಡಕ್ಕೆ ಬಿಟ್ 7, ಬಲಕ್ಕೆ ಬಿಟ್ 0. ಪ್ರತಿ ಮನೆ ಕೆಳಗೆ ಓದಬಹುದೋ ಬರೆಯಬಹುದೋ ಅನ್ನುವ ಅಕ್ಷರ. ಅದರ ಕೆಳಗೆ ಕರೆಂಟ್ ಬಂದ ಕೂಡಲೇ ಏನಿರುತ್ತದೆ ಅನ್ನುವ ಅಂಕಿ. ಮೇಲೆ ವಿಳಾಸ ಎರಡು: ಹೆಕ್ಸ್ 05, ಆವರಣದೊಳಗೆ 25. ಮೊದಮೊದಲು ಇದು ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಅಲ್ಲ. ಇನ್, ಔಟ್ ಅನ್ನುವ ಚುಟುಕು ಆಜ್ಞೆಗಳಿಗೆ 05, ಮಾಮೂಲಿ ಮೆಮೊರಿ ಥರ ಮುಟ್ಟುವುದಾದರೆ 25. ಮೊದಲ 32 ಜಾಗದಲ್ಲಿ ಚಿಪ್‌ನ ಸ್ವಂತ ಕೆಲಸದ ರಿಜಿಸ್ಟರ್‌ಗಳು ಕೂತಿರುವುದರಿಂದ ಹೆಕ್ಸ್ 20ರಷ್ಟು ವ್ಯತ್ಯಾಸ. ಮನೆಗಳ ಸಾಲು, ಕೆಳಗಿನ ಅಕ್ಷರ, ಅಂಕಿ, ಉಳಿದ ರಿಜಿಸ್ಟರ್‌ಗಳಿಗೂ ಇದೇ ಕ್ರಮ.

ಇನ್ನೊಂದು ರೂಢಿ, ಚಿಕ್ಕ ಎಕ್ಸ್ ಮತ್ತು ಚಿಕ್ಕ ಎನ್. ಹೆಸರಿನ ಒಳಗೆ ಚಿಕ್ಕ ಎಕ್ಸ್ ಕಂಡರೆ ಅಲ್ಲಿ ಪೋರ್ಟ್‌ನ ಅಕ್ಷರ ಹಾಕಿಕೊಳ್ಳಿ, ಚಿಕ್ಕ ಎನ್ ಕಂಡರೆ ನಂಬರ್ ಹಾಕಿಕೊಳ್ಳಿ ಅಂತ. ಪ್ರೋಗ್ರಾಮ್ ಬರೆಯುವಾಗ ಪೋರ್ಟ್‌ಬಿ3 ಅಂತ ಪೂರ್ತಿ ಬರೆಯಬೇಕು. ಇದನ್ನು ಅಸಲಿ ಡೇಟಾಶೀಟ್ ಸ್ಪಷ್ಟವಾಗಿ ಹೇಳುತ್ತದೆ. ಕಿಟ್ ಪುಸ್ತಕದವರು ಹೆಸರನ್ನು ಎಕ್ಸ್, ಎನ್ ಸಮೇತ ಹಾಗೇ ಎತ್ತಿ ಉದಾಹರಣೆಯ ಪ್ರೋಗ್ರಾಮ್ ಒಳಗೇ ಹಾಕಿದ್ದಾರೆ. ಪ್ರೋಗ್ರಾಮನ್ನು ಚಿಪ್ ಭಾಷೆಗೆ ಇಳಿಸುವ ಕಂಪೈಲರ್ ಬೈಯುತ್ತದೆ, ಬೈಯದೆ ಏನು ಮಾಡೀತು? ಆ ಎಕ್ಸ್ ಒಂದೇ ಎಷ್ಟು ವೇಷ ಹಾಕುತ್ತದೆ ನೋಡಿ: ಹೆಸರಿನಲ್ಲಿ ಬಂದರೆ ನೀನೇ ತುಂಬಿಕೋ, ಆರಂಭದ ಬೆಲೆಯಲ್ಲಿ ಬಂದರೆ ಏನಿರುತ್ತದೋ ಗೊತ್ತಿಲ್ಲ, ಟ್ರೂತ್ ಟೇಬಲ್‌ನಲ್ಲಿ (ಏನು ಕೊಟ್ಟರೆ ಏನು ಬರುತ್ತದೆ ಅನ್ನುವ ಪಟ್ಟಿ) ಬಂದರೆ ಏನಿದ್ದರೂ ಪರವಾಗಿಲ್ಲ, ಸೊನ್ನೆಯ ಪಕ್ಕ ಬಂದರೆ ಮುಂದಿನದು ಹೆಕ್ಸ್. ಹೆಕ್ಸ್ ಬರೆಯುವುದರಲ್ಲೂ ಒಮ್ಮತ ಇಲ್ಲ. ಸಿ ಭಾಷೆಯವರು ಮುಂದೆ ಸೊನ್ನೆ-ಎಕ್ಸ್ ಹಾಕುತ್ತಾರೆ, 8051 ಅನ್ನುವ ಹಳೇ ಚಿಪ್ ಕಾಲದವರು ಹಿಂದೆ ಎಚ್ ಹಾಕುತ್ತಾರೆ, ಮೊಟೊರೊಲಾ ಪದ್ಧತಿಯವರು ಮುಂದೆ $. ಈ 48 ಪುಟದಲ್ಲಿ ಮೂರೂ ಇವೆ. 33ನೇ ಪುಟದಲ್ಲಿ ಯಾವುದೂ ಇಲ್ಲದೆ ಬರೀ 10 ಅಂತ ಇದೆ, ಹತ್ತೋ ಹದಿನಾರೋ ದೇವರಿಗೇ ಗೊತ್ತು.

ನಾನು ಹುಡುಗನಿಗೆ ಕನ್ನಡದಲ್ಲಿ ನೋಟ್ಸ್ ಮಾಡಿಕೊಡುತ್ತೇನೆ. ಆಗ ತೊಂದರೆ ಗೊತ್ತಾಗುವುದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅನ್ನುವುದೇ ಇಲ್ಲ. ಇವರ ಅರ್ಧ ವ್ಯಾಕರಣ ಅದರ ಮೇಲೇ ನಿಂತಿದೆ. ಚಿಕ್ಕ ಎಂ ಹಾಕಿದರೆ ಮಿಲಿಓಮ್, ದೊಡ್ಡ ಎಂ ಹಾಕಿದರೆ ಮೆಗಾಓಮ್, ನಡುವೆ ನೂರು ಕೋಟಿ ಪಟ್ಟು ಅಂತರ. ಕನ್ನಡದಲ್ಲಿ ಸುಮ್ನೆ ಎಂ ಅಂತ ಬರೆದರೆ ಕೆಲಸ ಕೆಟ್ಟಿತು. ಅದಕ್ಕೇ ಪೂರ್ತಿ ಬರೆಯುತ್ತೇನೆ, ಮಿಲಿ, ಮೆಗಾ, ಬಿಟ್, ಬೈಟ್. ಜಾಗ ಹೋಗಲಿ. ಇಂಗ್ಲಿಷ್ ಪುಸ್ತಕದವರೂ ಹೀಗೇ ಮಾಡಿದ್ದರೆ ನನ್ನ ಮೆಮೊರಿ ದುಡ್ಡು ಉಳಿಯುತ್ತಿತ್ತು.

ಪದಗಳೂ ಅಷ್ಟೇ. ಎಟಿಮೆಗಾದವರಿಗೆ ವರ್ಡ್ ಅಂದರೆ 16 ಬಿಟ್, ಎಸ್‌ಟಿಎಂ32 ಅನ್ನುವ ಇನ್ನೊಂದು ಚಿಪ್ ಕುಟುಂಬದ ಕಡೆಗೆ ಹೋದರೆ ವರ್ಡ್ ಅಂದರೆ 32, ಅಲ್ಲಿ 16ಕ್ಕೆ ಹಾಫ್‌ವರ್ಡ್ ಅನ್ನುತ್ತಾರೆ. ಕ್ಲಿಯರ್ ಅಂದರೆ 0 ಮಾಡುವುದು, ಸರಿ, ಆದರೆ ಎಟಿಮೆಗಾದ ಇಂಟರಪ್ಟ್ ಫ್ಲ್ಯಾಗ್ (ಏನೋ ಆಯಿತು, ಗಮನಿಸು ಅಂತ ಎದ್ದು ನಿಲ್ಲುವ ಬಿಟ್) ಕ್ಲಿಯರ್ ಮಾಡಲು ಅದಕ್ಕೆ 1 ಬರೆಯಬೇಕು. ಎಸ್‌ಟಿಎಂ32ರ ರೆಫರೆನ್ಸ್ ಮ್ಯಾನ್ಯುಯಲ್‌ನಲ್ಲಿ ಇಂಥ ಬಿಟ್ ಕೆಳಗೆ “ಓದು, 1 ಬರೆದರೆ ಅಳಿಯುತ್ತದೆ” ಅನ್ನುವ ಅರ್ಥದ ಪುಟ್ಟ ಸಂಕೇತವೇ ಇರುತ್ತದೆ, ಆ ಸಂಕೇತಗಳ ಪಟ್ಟಿ ಪುಸ್ತಕದ ಆರಂಭದಲ್ಲೇ ಸಿಗುತ್ತದೆ. ಆ ಕುಟುಂಬದ ಎಫ್103 ಚಿಪ್‌ನದ್ದು 1,100 ಪುಟ ದಾಟುತ್ತದೆ, ಆದರೂ ಆ ಒಂದು ಪಟ್ಟಿಯಿಂದಾಗಿ ದಾರಿ ತಪ್ಪುವುದಿಲ್ಲ. ಐ2ಸಿಯ ಹಳೇ ಮಾಸ್ಟರ್-ಸ್ಲೇವ್ (ಆಜ್ಞೆ ಕೊಡುವ ಚಿಪ್, ಕೇಳುವ ಚಿಪ್) ಪದಗಳನ್ನು 2021ರ ಸ್ಪೆಸಿಫಿಕೇಶನ್‌ನಲ್ಲಿ ತೆಗೆದು ಕಂಟ್ರೋಲರ್-ಟಾರ್ಗೆಟ್ ಮಾಡಿದ್ದಾರೆ. ಒಳ್ಳೆಯದೇ. ಕಿಟ್ ಪುಸ್ತಕದಲ್ಲಿ ಪಾಠದಲ್ಲಿ ಕಂಟ್ರೋಲರ್, ಚಿತ್ರದಲ್ಲಿ ಮಾಸ್ಟರ್. ಹುಡುಗ ಎರಡೂ ಬೇರೆ ಬೇರೆ ಚಿಪ್ ಅಂದುಕೊಂಡು ಬೋರ್ಡ್ ಮೇಲೆ ಮಾಸ್ಟರ್ ಎಲ್ಲಿದೆ ಅಂತ ಹುಡುಕುತ್ತಿದ್ದ.

ಒಂದು ಮಾತ್ರ ಅಪಾಯದ್ದು. ಪುಸ್ತಕದ ವಿಶೇಷತೆಗಳ ಪಟ್ಟಿಯಲ್ಲಿ “ಪ್ರತಿ ಪಿನ್ 40 ಮಿಲಿಆಂಪ್ ಕೊಡುತ್ತದೆ” ಅಂತ ಇದೆ. ಅಸಲಿ ಡೇಟಾಶೀಟ್‌ನಲ್ಲಿ ಆ 40 ಇರುವುದು ಅಬ್ಸಲ್ಯೂಟ್ ಮ್ಯಾಕ್ಸಿಮಮ್ ಪಟ್ಟಿಯಲ್ಲಿ. ಅದು ಕೆಲಸ ಮಾಡುವ ಮಿತಿ ಅಲ್ಲ, ಅದನ್ನು ದಾಟಿದರೆ ಚಿಪ್ ಖಾಯಂ ಹಾಳಾಗಬಹುದು ಅನ್ನುವ ಗೆರೆ. ಮಾಮೂಲಿ ಲೆಕ್ಕವನ್ನು ಅವರು 5 ವೋಲ್ಟ್‌ಗೆ 20 ಮಿಲಿಆಂಪ್ ಮೇಲೆ ಕೊಟ್ಟಿದ್ದಾರೆ. ನಾನು ಸುಟ್ಟ ಚಿಪ್ ಕಥೆ ಇದೇ, ಒಂದು ಪಿನ್‌ಗೆ ನೇರವಾಗಿ ಬಜರ್ ಮತ್ತು ಎರಡು ದೀಪ. ಇದನ್ನು ಪುಸ್ತಕದ ತಲೆಗೇ ಕಟ್ಟುವುದಿಲ್ಲ, ನನಗೂ ಆಸೆ ಜಾಸ್ತಿ ಇತ್ತು.

ಸರ್ವಿಸ್ ಹೇಗೆ ಅಂತ ಕೇಳುತ್ತೀರಿ. ಹನ್ನೊಂದು ತಪ್ಪುಗಳ ಪಟ್ಟಿ ಮಾಡಿ ಮೇಲ್ ಹಾಕಿದೆ, ಪುಟ ಸಂಖ್ಯೆ ಸಮೇತ. ಎರಡು ದಿನಕ್ಕೆ ಒಬ್ಬ ಹುಡುಗ ಫೋನ್ ಮಾಡಿದ, ತುಂಬಾ ಮರ್ಯಾದೆಯ ಮಾತು. “ಸರ್, ನಾವು ಎಕ್ಸಾಂಪಲ್ ಕೋಡ್ ಕೊಟ್ಟಿದ್ದೀವಲ್ಲ, ಅದನ್ನೇ ಕಾಪಿ ಮಾಡಿಬಿಡಿ, ಪುಸ್ತಕ ಯಾರೂ ಓದಲ್ಲ” ಅಂದ. ಪ್ರಾಮಾಣಿಕ ಹುಡುಗ. ಒಂದು ವಾರಕ್ಕೆ ಹೊಸ ಪಿಡಿಎಫ್ ಬಂತು. 14ನೇ ಪುಟದಲ್ಲಿ ಆರ್‌ಇ ಮೇಲೆ ಟೋಪಿ ಕೂತಿದೆ, ಖುಷಿ ಆಯಿತು. 31ನೇ ಪುಟದ ಸರ್ಕ್ಯೂಟ್ ಚಿತ್ರದಲ್ಲಿ ಇನ್ನೂ ಬೋಳುತಲೆ. ಮೆಮೊರಿ 32ಕೆ ಇದ್ದದ್ದು ಹಾಗೇ ಇದೆ. ಎಲ್ಲಕ್ಕಿಂತ ಬೇಜಾರಾದದ್ದು, ಹಳೇ ಪುಸ್ತಕದ ಮೇಲೂ ವರ್ಷನ್ 1.2, ಹೊಸದರ ಮೇಲೂ ವರ್ಷನ್ 1.2. ಏನು ಬದಲಾಯಿತು ಅನ್ನುವ ಪಟ್ಟಿ ಕೊನೆಯಲ್ಲಿ ಇಲ್ಲ. ಚಿಪ್ ಕಂಪನಿಗಳ ಡೇಟಾಶೀಟ್‌ನಲ್ಲಿ ನಾನು ಮೊದಲು ನೋಡುವುದು ಆ ಕೊನೇ ಪುಟಗಳನ್ನೇ, ಯಾವ ಆವೃತ್ತಿಯಲ್ಲಿ ಯಾವ ಸಾಲು ತಿದ್ದಿದರು ಅಂತ ಅಲ್ಲಿ ಇರುತ್ತದೆ. ಇಲ್ಲಿ ಇಬ್ಬರ ಕೈಯಲ್ಲಿ 1.2 ಇದ್ದರೆ ಇಬ್ಬರದೂ ಒಂದೇ ಪುಸ್ತಕ ಅಂತ ಹೇಳುವ ಹಾಗಿಲ್ಲ.

ತಗೊಳ್ಳಬಹುದಾ? ಸೋಲ್ಡರ್ ಹಿಡಿದು ರೂಢಿ ಇದ್ದವರು, ಒಂದೊಂದು ಚಿಪ್‌ನ ಅಸಲಿ ಡೇಟಾಶೀಟ್ ಇಳಿಸಿಕೊಂಡು ಪಕ್ಕದಲ್ಲಿ ಇಟ್ಟುಕೊಳ್ಳುವವರು ತಗೊಳ್ಳಿ, ಈ ದುಡ್ಡಿಗೆ ಇಷ್ಟು ಗಟ್ಟಿ ಬೋರ್ಡ್ ನನಗೆ ಬೇರೆ ಸಿಕ್ಕಿಲ್ಲ. ಡಿಪ್ಲೊಮಾ ಹುಡುಗರು ಪ್ರಾಜೆಕ್ಟ್‌ಗೆ ಅಂತ, ಪುಸ್ತಕ ನೋಡಿ ಕಲಿಯುತ್ತೇವೆ ಅಂತ ತಗೊಳ್ಳುವುದಾದರೆ ಬೇಡ. ತಗೊಂಡೇ ಬಿಟ್ಟಿದ್ದರೆ 14, 19, 31, 33ನೇ ಪುಟಗಳ ಮೇಲೆ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ಶುರು ಮಾಡಿ.

ನಮ್ಮ ಹುಡುಗ ಬೋರ್ಡ್ ಮೇಲಿನ ಆರ್‌ಇ ಅಕ್ಷರದ ತಲೆಗೆ ಕೆಂಪು ಸ್ಕೆಚ್ ಪೆನ್‌ನಲ್ಲಿ ಟೋಪಿ ಬರೆದಿದ್ದಾನೆ. ಈಗ ಯಾವ ಹೊಸ ಮಾಡ್ಯೂಲ್ ಬಂದರೂ ಡಬ್ಬ ಬಿಚ್ಚುವ ಮೊದಲೇ ಕೇಳುತ್ತಾನೆ, “ಅಣ್ಣಾ, ಇದಕ್ಕ ಟೋಪಿ ಐತೇನು?”

ಪಕ್ಕದ ಮಿಲ್‌ನವರೂ ಕೇಳಿದರು ಅಂತ ಹೋದ ವಾರ ಇನ್ನೂ ಎರಡು ಬೋರ್ಡ್ ಆರ್ಡರ್ ಮಾಡಿದೆ. ಕಾಗದ ಯಾಕೆ ವೇಸ್ಟ್ ಅಂತ ಪುಸ್ತಕ ಬೇಡ ಎಂದು ಆರ್ಡರ್ ಜೊತೆ ಬರೆದಿದ್ದೆ. ನಿನ್ನೆ ಪಾರ್ಸಲ್ ಬಂತು. ಎರಡು ಬೋರ್ಡ್, ಎರಡು ಪುಸ್ತಕ. ವರ್ಷನ್ 1.2.